ಬಿ.ಬಿ.ಎ. ಪದವಿ ಮತ್ತು ಮನೆಯ ಖಾತೆಪುಸ್ತಕ

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮ ಮನೆಗಳಲ್ಲಿ ಒಂದು ವಿಚಾರಸಭೆ ಆರಂಭವಾಗುತ್ತದೆ. ಅಜ್ಜ, ತಂದೆ, ಕಾಕಾ, ಸೋದರಮಾವ ಎಲ್ಲರೂ ಅದರ ಸದಸ್ಯರು. ಯಾರ ಭವಿಷ್ಯವನ್ನು ಕುರಿತು ಸಭೆ ಸೇರಿದೆಯೋ ಆ ಹುಡುಗ ಅಥವಾ ಹುಡುಗಿ ಮಾತ್ರ ಬಾಗಿಲ ಬಳಿ ನಿಂತಿರುವುದುಂಟು. ವೈದ್ಯಕೀಯ, ಇಂಜಿನಿಯರಿಂಗ್‌ಗಳ ಮಾತು ಮುಗಿದು ವಾಣಿಜ್ಯ ವಿಭಾಗದಲ್ಲಿ ಓದಿದವರ ಸರದಿ ಬಂದಾಗ, ಒಂದು ಕಾಲಕ್ಕೆ ಬಿ.ಕಾಂ. ಎಂಬ ಒಂದೇ ಹೆದ್ದಾರಿಯಿತ್ತು. ಇಂದು ಅದರ ಪಕ್ಕದಲ್ಲಿಯೇ ಬಿ.ಬಿ.ಎ. ಎಂಬ ಇನ್ನೊಂದು ದಾರಿ ತಾಲ್ಲೂಕು ಊರುಗಳವರೆಗೂ ಬಂದು ನಿಂತಿದೆ. "ಅದರೊಳಗೆ ಏನು ಕಲಿಸ್ತಾರ?" ಎಂದು ಅಜ್ಜ ಕೇಳಿದರೆ, "ಮ್ಯಾನೇಜ್‌ಮೆಂಟ್" ಎಂಬ ಒಂದು ಶಬ್ದದ ಉತ್ತರ ಬರುತ್ತದೆ. ನಲವತ್ತು ವರ್ಷ ಅಂಗಡಿ ನಡೆಸಿದ ಆ ಹಿರಿಯರಿಗೆ, ಅಂಗಡಿ ನಡೆಸುವುದನ್ನು ಕಾಲೇಜಿನಲ್ಲಿ ಹೇಗೆ ಕಲಿಸುತ್ತಾರೆ ಎಂಬ ಸಂಶಯ ಉಳಿದೇ ಉಳಿಯುತ್ತದೆ. ಆ ಸಂಶಯ ಅಜ್ಞಾನದಿಂದ ಹುಟ್ಟಿದ್ದಲ್ಲ, ಅದರಲ್ಲಿ ಹುರುಳಿದೆ. ಅದನ್ನೇ ಹಿಡಿದುಕೊಂಡು ನಾವು ಈ ಲೇಖನದಲ್ಲಿ ಕೆಲವು ಸಂಗತಿಗಳನ್ನು ಸಮಾಜಬಾಂಧವರ ಮುಂದಿಡಬಯಸುತ್ತೇವೆ.

ವ್ಯವಹಾರವನ್ನು ಪದವಿ ಮಟ್ಟದಲ್ಲಿ ಬೋಧಿಸುವುದು ಹೊಸದೇನಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜೋಸೆಫ್ ವಾರ್ಟನ್ ಎಂಬ ಉದ್ಯಮಿ 1881ರಲ್ಲಿ ಒಂದು ಲಕ್ಷ ಡಾಲರ್ ದಾನ ನೀಡಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇಂಥ ಶಾಲೆಯೊಂದನ್ನು ಸ್ಥಾಪಿಸಿದನು. ನಮ್ಮ ದೇಶದಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜು 1913ರಲ್ಲಿ ಆರಂಭವಾಯಿತು. ಆದರೆ ನಿರ್ವಹಣಾ ಶಿಕ್ಷಣವೆಂಬುದು ನಮ್ಮಲ್ಲಿ ಮೇಲಿನಿಂದ ಕೆಳಗೆ ಇಳಿದು ಬಂದಿತು. 1961ರಲ್ಲಿ ಕಲಕತ್ತಾ ಮತ್ತು ಅಹಮದಾಬಾದುಗಳಲ್ಲಿ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತೀಯ ನಿರ್ವಹಣಾ ಸಂಸ್ಥೆಗಳು ಸ್ನಾತಕೋತ್ತರ ಶಿಕ್ಷಣಕ್ಕಾಗಿ ಹುಟ್ಟಿದವು. ಪದವಿ ಮುಗಿಸಿದವರು, ಕೆಲವೆಡೆ ನಾಲ್ಕಾರು ವರ್ಷ ನೌಕರಿ ಮಾಡಿ ಬಂದವರು, ಅಲ್ಲಿ ಕಲಿಯುತ್ತಿದ್ದರು. ಪಿ.ಯು.ಸಿ. ಮುಗಿಸಿದ ಹದಿನೆಂಟರ ಹರೆಯದವರಿಗೆ ಅದೇ ವಿದ್ಯೆಯನ್ನು ಚಿಕ್ಕದು ಮಾಡಿ ಕೊಡುವ ಪದವಿ ಆಮೇಲೆ ಬಂದಿತು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಅದು ಬಹುಕಾಲ ಬಿ.ಬಿ.ಎಂ. ಎಂಬ ಹೆಸರಿನಿಂದ ನಡೆದು, ನಂತರ ಬಿ.ಬಿ.ಎ. ಎಂದಾಯಿತು. ಹೆಸರು ಬದಲಾದರೂ ಒಳಗಿನ ಹೂರಣ ಬಹುಮಟ್ಟಿಗೆ ಅದೇ.

ಆ ಹೂರಣವೇನು? ಆರು ಸೆಮಿಸ್ಟರುಗಳಲ್ಲಿ ವಿದ್ಯಾರ್ಥಿಯು ನಿರ್ವಹಣಾ ತತ್ತ್ವಗಳು, ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಕಾನೂನು, ಮಾರುಕಟ್ಟೆ ಶಾಸ್ತ್ರ, ಸಿಬ್ಬಂದಿ ನಿರ್ವಹಣೆ, ಹಣಕಾಸು ನಿರ್ವಹಣೆ, ತೆರಿಗೆ ಮುಂತಾದವನ್ನು ಓದುತ್ತಾನೆ. ಕೊನೆಯ ವರ್ಷದಲ್ಲಿ ಯಾವುದಾದರೊಂದು ವಿಭಾಗವನ್ನು ವಿಶೇಷವಾಗಿ ಆರಿಸಿಕೊಳ್ಳುತ್ತಾನೆ. ಒಂದು ಯೋಜನಾ ವರದಿಯನ್ನು ಸಲ್ಲಿಸುತ್ತಾನೆ. ಬಿ.ಕಾಂ. ಓದುವವನು ಲೆಕ್ಕ ಮತ್ತು ತೆರಿಗೆಯಲ್ಲಿ ಇನ್ನೂ ಆಳಕ್ಕೆ ಇಳಿಯುತ್ತಾನೆ, ಬಿ.ಬಿ.ಎ. ವಿದ್ಯಾರ್ಥಿಯ ಓದು ಅಷ್ಟು ಆಳವಲ್ಲ, ಆದರೆ ಹೆಚ್ಚು ಅಗಲ. ಲೆಕ್ಕ ಪರಿಶೋಧಕನಾಗುವ ಹಂಬಲವಿರುವ ಮಗುವನ್ನು "ಹೆಸರು ಚೆನ್ನಾಗಿದೆ" ಎಂಬ ಕಾರಣಕ್ಕೆ ಬಿ.ಬಿ.ಎ.ಗೆ ಸೇರಿಸುವುದು ಸಲ್ಲದು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಪಠ್ಯದ ಮೊದಲ ಪುಟಗಳಲ್ಲಿಯೇ ವಿದ್ಯಾರ್ಥಿಗೆ ಇಬ್ಬರು ಮಹನೀಯರ ಪರಿಚಯವಾಗುತ್ತದೆ. ಒಬ್ಬನು ಅಮೆರಿಕದ ಫ್ರೆಡರಿಕ್ ಟೇಲರ್, ಇನ್ನೊಬ್ಬನು ಫ್ರಾನ್ಸಿನ ಹೆನ್ರಿ ಫಯೋಲ್. ಫಯೋಲನ ಹದಿನಾಲ್ಕು ತತ್ತ್ವಗಳನ್ನು ಬಾಯಿಪಾಠ ಮಾಡದೆ ಬಿ.ಬಿ.ಎ. ಪಾಸಾದವರು ವಿರಳ. ಆದರೆ ಈ ಇಬ್ಬರೂ ಯಾರು? ಟೇಲರನು ಕಾರ್ಖಾನೆಯಲ್ಲಿ ಉಮೇದುವಾರನಾಗಿ ಸೇರಿ, ಯಂತ್ರದ ಮುಂದೆ ನಿಂತು ದುಡಿದು ಮೇಲೇರಿದವನು; ಅವನ ಗ್ರಂಥ ಹೊರಬಂದದ್ದು 1911ರಲ್ಲಿ. ಫಯೋಲನು ಗಣಿಯ ಇಂಜಿನಿಯರ್. 1888ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಗಣಿ ಕಂಪನಿಯ ಮುಖ್ಯಸ್ಥನಾಗಿ ಅದನ್ನು ಎತ್ತಿ ನಿಲ್ಲಿಸಿದವನು. 1841ರಲ್ಲಿ ಹುಟ್ಟಿದ ಅವನು ತನ್ನ ತತ್ತ್ವಗಳನ್ನು ಪ್ರಕಟಿಸಿದ್ದು 1916ರಲ್ಲಿ, ಎಂದರೆ ಎಪ್ಪತ್ತೈದರ ಆಸುಪಾಸಿನಲ್ಲಿ. ಜೀವಮಾನದ ಕೆಲಸ ಮುಗಿದ ಮೇಲೆ ಅವನಿಗೆ ಹೊಳೆದದ್ದನ್ನು ನಮ್ಮ ಮಕ್ಕಳು ಯಾವ ಕೆಲಸವನ್ನೂ ಆರಂಭಿಸುವ ಮೊದಲೇ ಓದುತ್ತಾರೆ. ಈ ಪದವಿಯ ಮುಖ್ಯ ತೊಡಕು ಇಲ್ಲಿಯೇ ಇದೆ. ಈಜು ಬಲ್ಲವನು ಬರೆದ ಪುಸ್ತಕವನ್ನು ದಡದಲ್ಲಿ ಕುಳಿತು ಓದಿದಂತೆ. ಪುಸ್ತಕ ಸುಳ್ಳಲ್ಲ, ಓದುವವನು ದಡ್ಡನೂ ಅಲ್ಲ. ನಡುವೆ ನೀರಿಲ್ಲ, ಅಷ್ಟೇ.

ಆದರೆ ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಆ ನೀರಿಗೆ ಬರವಿಲ್ಲ. ಕಿರಾಣಿ ಅಂಗಡಿ, ಬಟ್ಟೆ ಅಂಗಡಿ, ಎ.ಪಿ.ಎಂ.ಸಿ. ಪ್ರಾಂಗಣದ ದಲಾಲಿ ಅಂಗಡಿ, ಗೊಬ್ಬರ-ಬೀಜದ ವ್ಯಾಪಾರ, ಎಣ್ಣೆ ಗಿರಣಿ, ಇಪ್ಪತ್ತು ಎಕರೆ ಹೊಲ, ಏನಾದರೊಂದು ಇದ್ದೇ ಇರುತ್ತದೆ. ಫಯೋಲನ ತತ್ತ್ವಗಳಲ್ಲೊಂದು, ಒಬ್ಬ ಕೆಲಸಗಾರನಿಗೆ ಒಬ್ಬನೇ ಯಜಮಾನನಿಂದ ಅಪ್ಪಣೆ ಬರಬೇಕೆಂಬುದು. ಪರೀಕ್ಷೆಯಲ್ಲಿ ಇದಕ್ಕೆ ಅರ್ಧ ಪುಟ ಬರೆದರೆ ಅಂಕ ಸಿಗುತ್ತದೆ. ಆದರೆ ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಯಲ್ಲಿ ಒಂದು ದಿನ ಕುಳಿತು ನೋಡಿ. ಹಿರಿಯಣ್ಣ "ಗೋದಾಮಿಗೆ ಹೋಗು" ಎನ್ನುತ್ತಾನೆ, ಕಿರಿಯಣ್ಣ "ಮೊದಲು ಬ್ಯಾಂಕಿಗೆ ಹೋಗು" ಎನ್ನುತ್ತಾನೆ, ನಡುವೆ ಒಳಮನೆಯಿಂದ ಕಾಯಿಪಲ್ಯ ತರಲು ಹೇಳಿ ಕಳಿಸುತ್ತಾರೆ. ಆಳು ಮೂರನ್ನೂ ಮಾಡದೆ ಚಹಾದ ಅಂಗಡಿಯಲ್ಲಿ ನಿಂತಿರುತ್ತಾನೆ. ಅವನನ್ನು ಮೈಗಳ್ಳನೆಂದು ಬೈಯುತ್ತೇವೆ. ತಪ್ಪು ಅವನಲ್ಲಿಲ್ಲ, ವ್ಯವಸ್ಥೆಯಲ್ಲಿದೆ ಎಂದು ಮನೆಯ ಮಗ ಗುರುತಿಸಿದ ದಿನ ಆ ಅರ್ಧ ಪುಟದ ಉತ್ತರಕ್ಕೆ ಜೀವ ಬಂದಿತೆನ್ನಬೇಕು.

ಇನ್ನೊಂದು ಉದಾಹರಣೆ ಇದಕ್ಕಿಂತ ಮುಖ್ಯವಾದುದು. ಹಣಕಾಸು ನಿರ್ವಹಣೆಯ ಪಠ್ಯದಲ್ಲಿ ದುಡಿಯುವ ಬಂಡವಾಳ ಎಂಬ ಅಧ್ಯಾಯವಿರುತ್ತದೆ. ಹುಡುಗರು ಅದರ ಸೂತ್ರಗಳನ್ನು ಕಂಡು ಬೆವರುತ್ತಾರೆ. ಅದನ್ನು ನಮ್ಮ ಅಂಗಡಿಗೆ ತಂದು ನೋಡೋಣ. ವರ್ತಕನೊಬ್ಬ ಒಂದು ಲಕ್ಷ ರೂಪಾಯಿಯ ಗೊಬ್ಬರ ಕೊಂಡು, ಬಿತ್ತನೆಯ ಕಾಲದಲ್ಲಿ ರೈತರಿಗೆ ಉದ್ರಿಯಾಗಿ 1,10,000 ರೂಪಾಯಿಗೆ ಮಾರಿದನೆನ್ನಿ. ರೈತರ ಹಣ ಕೈಸೇರಲು ಮೂರು ತಿಂಗಳು ಬೇಕು. ಸಗಟು ವ್ಯಾಪಾರಿ ಇವನಿಗೆ ಕೊಟ್ಟ ಗಡುವು ಹದಿನೈದು ದಿನ. ನಡುವಿನ ಎರಡೂವರೆ ತಿಂಗಳಿಗೆ ತಿಂಗಳಿಗೆ ನೂರಕ್ಕೆ ಎರಡರಂತೆ ಕೈಸಾಲ ತಂದರೆ ಬಡ್ಡಿಯೇ 5,000 ರೂಪಾಯಿ. ಖಾತೆಯಲ್ಲಿ ಹತ್ತು ಸಾವಿರ ಲಾಭ ಕಾಣುತ್ತದೆ. ಅದರಲ್ಲಿ ಅರ್ಧ ಆಗಲೇ ಸಾಹುಕಾರನ ಪಾಲಾಗಿದೆ. ಮಳೆ ಕೈಕೊಟ್ಟು ರೈತನ ಹಣ ಇನ್ನೆರಡೂವರೆ ತಿಂಗಳು ತಡವಾದರೆ ಉಳಿದರ್ಧವೂ ಹೋಯಿತು. ಅಂಗಾಡಿ ಹಮಾಲಿ, ಬಾಡಿಗೆಗಳನ್ನು ನಾವು ಇನ್ನೂ ಎಣಿಸಿಯೇ ಇಲ್ಲ. ವ್ಯಾಪಾರ ಜೋರಾಗಿದ್ದರೂ ಗಲ್ಲೆಯಲ್ಲಿ ಹಣವಿಲ್ಲವೆಂದು ಕೊರಗುವ ಮನೆಗಳು ಎಷ್ಟಿಲ್ಲ? ಲಾಭ ಬೇರೆ, ರೊಕ್ಕ ಬೇರೆ ಎಂಬ ಈ ಒಂದು ತಿಳಿವಳಿಕೆ ಮಗನಿಗೋ ಮಗಳಿಗೋ ಸರಿಯಾಗಿ ಮೂಡಿದರೆ ಮೂರು ವರ್ಷದ ಶುಲ್ಕ ವಸೂಲಾದಂತೆಯೇ ಎಂದು ನಾವು ಭಾವಿಸುತ್ತೇವೆ.

ಸಣ್ಣ ಉದ್ಯೋಗಕ್ಕೂ ಈ ವಿದ್ಯೆ ಸಲ್ಲುತ್ತದೆ. ನಾಲ್ವರು ತಾಯಂದಿರು ಸೇರಿ ಜೋಳದ ರೊಟ್ಟಿ ಮಾಡಿ ಮಾರುವ ಘಟಕವನ್ನು ತೆರೆದರೆಂದು ಇಟ್ಟುಕೊಳ್ಳೋಣ. ಕೋಣೆಯ ಬಾಡಿಗೆ ತಿಂಗಳಿಗೆ 6,000, ಯಂತ್ರದ ಸಾಲದ ಕಂತು 4,000. ರೊಟ್ಟಿ ಮಾರಿದರೂ ಮಾರದಿದ್ದರೂ ಈ 10,000 ಕೊಡಲೇಬೇಕು. ರೊಟ್ಟಿಯೊಂದಕ್ಕೆ 8 ರೂಪಾಯಿ ಬೆಲೆ, ಹಿಟ್ಟು, ಉರುವಲು, ಕೂಲಿ ಸೇರಿ ಐದೂವರೆ ರೂಪಾಯಿ ಖರ್ಚು. ಉಳಿಯುವುದು ಎರಡೂವರೆ. ಹಾಗಾದರೆ ತಿಂಗಳಿಗೆ 4,000 ರೊಟ್ಟಿ ಹೋಗುವವರೆಗೆ ಒಂದು ಪೈಸೆ ಲಾಭವೂ ಇಲ್ಲ. ಬ್ರೇಕ್ ಈವನ್ ಬಿಂದು ಎಂದು ಪುಸ್ತಕದಲ್ಲಿ ರೇಖಾಚಿತ್ರ ಬರೆದು ಕಲಿಸುವುದು ಇದನ್ನೇ. ಯಂತ್ರ ಕೊಳ್ಳುವ ಮೊದಲು ಈ ಲೆಕ್ಕ ಹಾಕಿದವರು ಮತ್ತು ಕೊಂಡ ಮೇಲೆ ಹಾಕಿದವರು, ಇವರ ನಡುವಿನ ಅಂತರವೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಪಠ್ಯದಲ್ಲಿರುವುದೆಲ್ಲವೂ ನಮ್ಮ ನೆಲಕ್ಕೆ ಹೊಂದುತ್ತದೆಂದು ತಿಳಿಯಬಾರದು. ಮಾರುಕಟ್ಟೆ ಶಾಸ್ತ್ರದಲ್ಲಿ ಜೆರೋಮ್ ಮೆಕಾರ್ಥಿ 1960ರಲ್ಲಿ ಪ್ರಚುರಪಡಿಸಿದ ನಾಲ್ಕು ಅಂಶಗಳ ಸೂತ್ರ ಪ್ರಸಿದ್ಧವಾದುದು. ವಸ್ತು, ಬೆಲೆ, ಸ್ಥಳ, ಪ್ರಚಾರ, ಈ ನಾಲ್ಕನ್ನೂ ಮಾರುವವನು ವಿವೇಚಿಸಿ ನಿರ್ಧರಿಸಬೇಕೆಂದು ಅದು ಹೇಳುತ್ತದೆ. ಸಾಬೂನು ಕಂಪನಿಗೆ ಇದು ಸರಿ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನಿಗೆ? ಅವನ ವಸ್ತು ಜಗತ್ಪ್ರಸಿದ್ಧ. ಕಡುಗೆಂಪು ಬಣ್ಣ, ಹದವಾದ ಖಾರ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೆ ಬೆಲೆ ಅವನ ಕೈಯಲ್ಲಿಲ್ಲ. ಚೀಲಗಳನ್ನು ಪ್ರಾಂಗಣಕ್ಕೆ ತಂದಿಳಿಸಿದ ಮೇಲೆ ಟೆಂಡರಿನಲ್ಲಿ ಬಂದದ್ದೇ ಬೆಲೆ. ಒಪ್ಪದಿದ್ದರೆ ಮರಳಿ ಒಯ್ಯುವ ಬಾಡಿಗೆ, ಶೀತಲಗೃಹದ ಬಾಡಿಗೆ, ಮನೆಯಲ್ಲಿ ಕಾಯುತ್ತಿರುವ ಸಾಲ. 2024ರ ಮಾರ್ಚ್ ತಿಂಗಳಿನಲ್ಲಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಬ್ಯಾಡಗಿಯ ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ದುಃಖಕರ ಘಟನೆಯನ್ನು ಓದುಗರು ಮರೆತಿರಲಾರರು. ಹಾವೇರಿ ಜಿಲ್ಲೆಯ ಕಾಲೇಜೊಂದರಲ್ಲಿ ಕುಳಿತ ರೈತನ ಮಗನಿಗೆ "ಬೆಲೆಯನ್ನು ನೀನೇ ನಿರ್ಧರಿಸು" ಎಂಬ ಪಾಠ ಓದಿಸಿ ಸುಮ್ಮನಾದರೆ ಅವನಿಗೆ ನಗು ಬರುತ್ತದೆ, ಇಲ್ಲವೆ ತನ್ನ ಅಪ್ಪನೇ ದಡ್ಡನೆಂಬ ಭಾವ ಬರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ. ಬೆಲೆ ಕಟ್ಟುವ ಶಕ್ತಿ ಯಾರಿಗೆ ಇರುತ್ತದೆ, ಯಾರಿಗೆ ಇರುವುದಿಲ್ಲ, ಏಕೆ ಇರುವುದಿಲ್ಲ ಎಂಬ ಪ್ರಶ್ನೆಯಿಂದ ಆ ಪಾಠವನ್ನು ಆರಂಭಿಸುವ ಅಧ್ಯಾಪಕರು ದೊರೆತರೆ ಆ ಮಕ್ಕಳ ಭಾಗ್ಯ.

ಅಂಥ ಅಧ್ಯಾಪಕರಿಗೆ ಪಾಠದ ಸಾಮಗ್ರಿ ದೂರದಲ್ಲೇನೂ ಇಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದ ಇಂಥ ಸಂಘಗಳಲ್ಲಿ ಮೊದಲನೆಯದೆಂದು ಅದನ್ನು ಗೌರವಿಸಲಾಗುತ್ತದೆ. ಸಾಲ ಯಾರಿಗೆ ಕೊಡಬೇಕು, ಯಾರ ಜಾಮೀನಿನ ಮೇಲೆ ಕೊಡಬೇಕು, ಬೆಳೆ ಹೋದ ವರ್ಷ ವಸೂಲಿಯನ್ನು ಹೇಗೆ ಮಾಡಬೇಕು, ಬಂಧುವೇ ಬಾಕಿದಾರನಾದಾಗ ಅವನ ಮುಖ ನೋಡಿ ಹೇಗೆ ಕೇಳಬೇಕು, ಇವೆಲ್ಲ ಯಾವುದೇ ಪತ್ತಿನ ಸಂಘದ ಆಡಳಿತ ಮಂಡಳಿಯ ಮುಂದೆ ಬರುವ ಪ್ರಶ್ನೆಗಳು. ನಿರ್ವಹಣೆಯ ಪ್ರಶ್ನೆಗಳೆಂದರೆ ಇವೇ. ಅಹಮದಾಬಾದಿನ ಸಂಸ್ಥೆ ಆರಂಭದ ದಿನಗಳಲ್ಲಿ ಹಾರ್ವರ್ಡಿನ ಸಹಯೋಗದೊಡನೆ ತಂದ ಬೋಧನಾ ಕ್ರಮವೂ ಇಂಥದೇ: ನಿಜವಾಗಿ ನಡೆದ ಒಂದು ವ್ಯವಹಾರದ ಸಂದಿಗ್ಧವನ್ನು ವಿದ್ಯಾರ್ಥಿಗಳ ಮುಂದಿಟ್ಟು "ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳುವುದು. ಜಪಾನಿನ ಮೋಟಾರು ಕಾರ್ಖಾನೆಯ ಕಥೆ ಬೇಡವೆಂದು ನಾವು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಕಣಗಿನಹಾಳಕ್ಕೂ ಒಂದು ಚಾಪೆ ಹಾಸಬಾರದೇ?

ಈ ಮಾತು ಯೋಜನಾ ವರದಿಗೂ ಅನ್ವಯಿಸುತ್ತದೆ. ಪದವಿಯ ಕೊನೆಯಲ್ಲಿ ಬರುವ ಈ ವರದಿ ಇಡೀ ಶಿಕ್ಷಣದ ಕಳಶವಾಗಬೇಕಿತ್ತು. ನಡೆಯುತ್ತಿರುವುದೇನು? ಹಿಂದಿನ ವರ್ಷದವರ ವರದಿಯಲ್ಲಿ ಹೆಸರು ಬದಲಿಸಿ, ಜೆರಾಕ್ಸ್ ಅಂಗಡಿಯಲ್ಲಿ ಬಂಗಾರದ ಅಕ್ಷರದ ರಟ್ಟು ಹಾಕಿಸಿ ಸಲ್ಲಿಸುವವರು ಹಲವರು. ಕಂಪನಿಯೊಂದರ ಗೇಟಿನೊಳಗೆ ಕಾಲಿಡದೆಯೇ ಅದರ ನೌಕರರ ತೃಪ್ತಿಯನ್ನು ಶೇಕಡಾವಾರು ಅಳೆದ ವರದಿಗಳು ಗ್ರಂಥಾಲಯದ ಕಪಾಟುಗಳಲ್ಲಿ ಧೂಳು ತಿನ್ನುತ್ತಿವೆ. ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಒಂದು ತಿಂಗಳು ಬೆಳಗಿನ ಜಾವ ನಿಂತು, ಎಷ್ಟು ಲೀಟರ್ ಬಂತು, ಕೊಬ್ಬಿನ ಅಂಶವನ್ನು ಅಳೆಯುವುದು ಹೇಗೆ, ಹಣ ಎಷ್ಟು ದಿನಕ್ಕೆ ಸಂದಾಯವಾಗುತ್ತದೆ, ಬೇಸಗೆಯಲ್ಲಿ ಹಾಲು ಕೆಡುವುದರಿಂದ ಎಷ್ಟು ನಷ್ಟ ಎಂದು ಬರೆದು ತಂದ ಇಪ್ಪತ್ತು ಪುಟ, ಆ ರಟ್ಟಿನ ಪುಸ್ತಕಗಳ ಇಡೀ ಸಾಲಿಗಿಂತ ತೂಕದ್ದು.

ಭಾಷೆಯ ತೊಡಕೂ ಒಂದುಂಟು. ಈ ಪದವಿಯ ಬೋಧನೆ ಬಹುತೇಕ ಇಂಗ್ಲಿಷಿನಲ್ಲಿಯೇ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಮಗು ಮೊದಲ ಸೆಮಿಸ್ಟರಿನಲ್ಲಿ ತತ್ತರಿಸುತ್ತದೆ. ತಾನು ಜಾಣನಲ್ಲವೆಂದು ಸುಳ್ಳೇ ನಂಬಿಕೊಳ್ಳುತ್ತದೆ. ಆದರೆ ಜಮಾ, ಖರ್ಚು, ಖಾತೆ, ಉದ್ರಿ, ಹುಂಡಿ, ದಲಾಲಿ, ಮುದ್ದಲು, ಬಾಕಿ ಎಂಬ ಶಬ್ದಗಳನ್ನು ತೊಟ್ಟಿಲಲ್ಲಿಯೇ ಕೇಳಿ ಬೆಳೆದ ಮಕ್ಕಳು ಇವರು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಖಾತೆಪುಸ್ತಕಕ್ಕೆ ಕುಂಕುಮವಿಟ್ಟು ಕೈಮುಗಿದವರು. ಡೆಬಿಟ್, ಕ್ರೆಡಿಟ್ ಎಂಬ ಹೊಸ ಶಬ್ದಗಳ ಹಿಂದೆ ತಮ್ಮ ಮನೆಯ ಹಳೆಯ ಶಬ್ದಗಳೇ ಇವೆಯೆಂದು ಯಾರಾದರೂ ತೋರಿಸಿಕೊಟ್ಟರೆ ಅರ್ಧ ಭಯ ಹಾರಿಹೋಗುತ್ತದೆ. ಉಳಿದರ್ಧಕ್ಕೆ ಇಂಗ್ಲಿಷನ್ನು ಶ್ರಮಪಟ್ಟು ಕಲಿಯಲೇಬೇಕು. ನೌಕರಿಯ ಸಂದರ್ಶನದಲ್ಲಿ ಕೇಳುವವರು ನಮ್ಮ ಅನುಕೂಲ ನೋಡುವುದಿಲ್ಲ.

ಪಾಲಕರು ತಿಳಿದಿರಬೇಕಾದ ಇನ್ನು ಕೆಲವು ವ್ಯಾವಹಾರಿಕ ಸಂಗತಿಗಳಿವೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಕ್ರಮ ಬಂದಿತ್ತು; 2024-25ರಿಂದ ರಾಜ್ಯ ಸರಕಾರವು ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿತು. ಅದೇ 2024-25ರಿಂದ ಬಿ.ಬಿ.ಎ. ನಡೆಸುವ ಕಾಲೇಜುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮೋದನೆ ಪಡೆಯಬೇಕೆಂಬ ನಿಯಮವೂ ಬಂದಿದೆ. ಗೋಡೆಗೆ ಹಾಕಿದ ಬಣ್ಣವನ್ನು ನೋಡುವ ಮೊದಲು ಆ ಅನುಮೋದನೆಯ ಪತ್ರವನ್ನು ಕೇಳಿ ನೋಡುವುದು ಲೇಸು. ಕಾಯಂ ಅಧ್ಯಾಪಕರು ಎಷ್ಟು ಜನ ಎಂಬುದನ್ನೂ ಕೇಳಿರಿ. ಸಂಕೋಚ ಬೇಡ, ಹೆಣ್ಣು ನೋಡಲು ಹೋದಾಗ ಎಷ್ಟೆಲ್ಲ ಕೇಳುವುದಿಲ್ಲವೇ?

ಬಿ.ಬಿ.ಎ. ಮಾಡಿದರೆ ಎಂ.ಬಿ.ಎ.ಗೆ ಹಕ್ಕು ಬಂತೆಂಬ ತಪ್ಪು ಕಲ್ಪನೆಯೂ ಇದೆ. ಹಾಗೇನೂ ಇಲ್ಲ. ಎಂ.ಬಿ.ಎ. ಪ್ರವೇಶ ಪರೀಕ್ಷೆಯನ್ನು ಇಂಜಿನಿಯರಿಂಗ್ ಓದಿದವರೂ, ಕಲಾ ಪದವೀಧರರೂ ಬರೆಯಬಹುದು, ಬರೆಯುತ್ತಾರೆ. ಪಿ.ಯು.ಸಿ. ನಂತರ ನೇರವಾಗಿ ಸೇರಿ ಎಂ.ಬಿ.ಎ.ವರೆಗೆ ಹೋಗಬಯಸುವ ಮೇಧಾವಿಗಳಿಗಾಗಿ ಇಂದೋರಿನ ನಿರ್ವಹಣಾ ಸಂಸ್ಥೆ 2011ರಲ್ಲಿ ಐದು ವರ್ಷದ ಸಂಯುಕ್ತ ಕೋರ್ಸನ್ನು ಆರಂಭಿಸಿತು. ರೋಹ್ಟಕ್, ರಾಂಚಿ ಮೊದಲಾದ ಸಂಸ್ಥೆಗಳು ಆಮೇಲೆ ಅದನ್ನು ಅನುಸರಿಸಿದವು. ಅವುಗಳ ಶುಲ್ಕ ದುಬಾರಿ, ಪರೀಕ್ಷೆ ಕಠಿಣ, ಗಣಿತದ ಹಿಡಿತ ಅತ್ಯಗತ್ಯ. ಬ್ಯಾಂಕು ಮತ್ತು ಸರಕಾರಿ ನೌಕರಿಗಳ ಪರೀಕ್ಷೆಗಳಲ್ಲಿ ಬಹಳಷ್ಟಕ್ಕೆ ಯಾವುದೇ ಪದವಿ ಸಾಕಾಗುವುದರಿಂದ ಬಿ.ಬಿ.ಎ. ಓದಿದವರಿಗೆ ಅಲ್ಲಿ ತಡೆಯೂ ಇಲ್ಲ, ವಿಶೇಷ ಮನ್ನಣೆಯೂ ಇಲ್ಲ.

ಆದ್ದರಿಂದ ಪದವಿಪತ್ರ ತಾನೇ ಬಾಗಿಲು ತೆರೆಯುವುದೆಂದು ಕುಳಿತವರಿಗೆ ಅದು ಬರಿಯ ಕಾಗದ. ಮಾಡಲು ಏನೋ ಒಂದು ಕೆಲಸವಿದ್ದು, ಅದನ್ನು ಚೆನ್ನಾಗಿ ಮಾಡಲು ಓದಿದವರಿಗೆ ಅದು ಸಾಧನ. ಇಲ್ಲಿಯೇ ಮನೆಯ ಹಿರಿಯರ ಹೊಣೆ ಬರುತ್ತದೆ. ಮಗನನ್ನು ನಿರ್ವಹಣೆ ಕಲಿಯಲು ಪಟ್ಟಣಕ್ಕೆ ಕಳಿಸಿ, ಹಾಸ್ಟೆಲ್ಲಿನ ಖರ್ಚಿಗೆ ತಿಂಗಳು ತಿಂಗಳೂ ಹಣ ಹಾಕಿ, ರಜೆಯಲ್ಲಿ ಮನೆಗೆ ಬಂದಾಗ ಖಾತೆಪುಸ್ತಕವನ್ನು ಮಾತ್ರ ಅವನಿಂದ ಮರೆಮಾಡುವ ತಂದೆಯರನ್ನು ನಾವು ಬಲ್ಲೆವು. "ಸಾಲ ಎಷ್ಟಿದೆಯೆಂದು ಹುಡುಗನಿಗೆ ತಿಳಿದರೆ ಹೆದರಿಯಾನು" ಎಂಬುದು ಅವರ ಪ್ರೀತಿಯ ಕಾರಣ. ಹುಡುಗ ಯಾರದೋ ಕಂಪನಿಯ ಆಯವ್ಯಯ ಪಟ್ಟಿಯನ್ನು ಬಿಡಿಸಿ ಅಂಕ ಗಳಿಸುತ್ತಾನೆ. ಸ್ವಂತ ಮನೆಯ ಸಾಲದ ವಿಷಯ ಅವನಿಗೆ ತಿಳಿಯುವುದು ತಂದೆ ಹಾಸಿಗೆ ಹಿಡಿದ ಮೇಲೆ. ಹೆದರಿದರೆ ಹೆದರಲಿ, ಇಪ್ಪತ್ತರ ವಯಸ್ಸಿನಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಹೆದರಲಿ.

ಮಗಳ ವಿಷಯದಲ್ಲಂತೂ ಪುಸ್ತಕ ತೆರೆದು ತೋರಿಸುವ ಯೋಚನೆಯೇ ಎಷ್ಟೋ ಮನೆಗಳಲ್ಲಿ ಸುಳಿಯುವುದಿಲ್ಲ. ಬಿ.ಬಿ.ಎ. ತರಗತಿಗಳಲ್ಲಿ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿದ್ದಾರೆ. ಅಂಗಡಿಯ ಗಾದಿಯ ಮೇಲೆ ಅವರನ್ನು ಕಾಣುವುದು ಅಪರೂಪ. "ಹೇಗಿದ್ದರೂ ಕೊಟ್ಟ ಮನೆಗೆ ಹೋಗುವವಳು" ಎನ್ನುತ್ತಾರೆ. ಕಾನೂನು ಹಾಗೆನ್ನುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ನಮ್ಮನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಕರ್ನಾಟಕವು 1994ರಲ್ಲಿಯೇ ಅದಕ್ಕೆ ತಿದ್ದುಪಡಿ ತಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹಕ್ಕು ನೀಡಿತು. 2005ರ ಕೇಂದ್ರದ ತಿದ್ದುಪಡಿ ಮಗ-ಮಗಳು ಸಮಾನರೆಂದು ದೇಶಕ್ಕೆಲ್ಲ ಸಾರಿತು. ಪಾಲಿಗೆ ಹಕ್ಕುಳ್ಳವಳು, ಆ ವಿದ್ಯೆಯನ್ನೇ ಓದಿದವಳು, ಲೆಕ್ಕ ನೋಡಲು ಮಾತ್ರ ಬಾರದವಳೇ?

ದೊಡ್ಡ ಅಧಿಕಾರದ ಮಾತು ಆಮೇಲಿರಲಿ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ನೋಂದಣಿ ಪಡೆದ ಅಂಗಡಿಗಳು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ರಿಟರ್ನ್ ಸಲ್ಲಿಸಬೇಕು. ಖರೀದಿಯ ಬಿಲ್ಲು, ಮಾರಾಟದ ಬಿಲ್ಲುಗಳನ್ನು ಚೀಲದಲ್ಲಿ ತುಂಬಿ ತೆರಿಗೆ ಸಲಹೆಗಾರರ ಮೇಜಿನ ಮೇಲೆ ಸುರಿದು ಬರುವುದು ನಮ್ಮಲ್ಲಿ ರೂಢಿಯಾಗಿದೆ. ಹೀಗಾಗಿ ಅಂಗಡಿಯ ನಿಜಸ್ಥಿತಿ ಆ ಸಲಹೆಗಾರರಿಗೆ ಗೊತ್ತು, ಪಕ್ಕದ ಕೋಣೆಯಲ್ಲಿ ಅದೇ ತೆರಿಗೆಯ ಪಾಠವನ್ನು ಪರೀಕ್ಷೆಗಾಗಿ ಓದುತ್ತಿರುವ ಮಗಳಿಗೆ ಗೊತ್ತಿಲ್ಲ. ಬರುವ ತಿಂಗಳ ಬಿಲ್ಲುಗಳನ್ನು ಸಲಹೆಗಾರರ ಬಳಿಗೆ ಒಯ್ಯುವ ಮೊದಲು ಎರಡು ದಿನ ಅವಳ ಮುಂದಿಡಿ. ಅವಳು ವಿಂಗಡಿಸಿ, ಕೂಡಿಸಿ, ಕಟ್ಟಬೇಕಾದ ತೆರಿಗೆಯೆಷ್ಟೆಂದು ಒಂದು ಹಾಳೆಯಲ್ಲಿ ಬರೆಯಲಿ. ಸಲಹೆಗಾರರ ಲೆಕ್ಕದೊಡನೆ ಅದನ್ನು ತಾಳೆ ನೋಡಿರಿ. ಹೊಂದದ ಕಡೆ ಯಾರದು ಸರಿ ಎಂದು ಮೂವರೂ ಕುಳಿತು ಹುಡುಕಿರಿ.